ಇಳಿಯುವ ವಿದ್ಯೆ

ಕುರುಕ್ಷೇತ್ರದಲ್ಲಿ ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಭೇದಿಸಿ ಒಳಹೊಗುವ ವಿದ್ಯೆ ತಿಳಿದಿತ್ತು. ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಕಲಿತ ಅರ್ಧವು ಅವನಿಗೆ ಕೀರ್ತಿಯನ್ನು ತಂದಿತು; ಕಲಿಯದ ಅರ್ಧವು ಪ್ರಾಣವನ್ನು ಕೊಂಡೊಯ್ದಿತು. ವಿಮಾನ ನಡೆಸುವುದನ್ನು ಕಲಿಯತೊಡಗಿದವರ ಸ್ಥಿತಿಯೂ ಮೊದಮೊದಲು ಇದಕ್ಕಿಂತ ಬಹಳ ಬೇರೆಯಲ್ಲ. ಚಿಕ್ಕ ವಿಮಾನವೊಂದನ್ನು ನೆಲದಿಂದ ಮೇಲಕ್ಕೆತ್ತುವುದು ಅಷ್ಟೇನೂ ಕಠಿಣವಾದ ಕೆಲಸವಲ್ಲ. ಎಂಜಿನ್ನಿಗೆ ಪೂರ್ಣ ಶಕ್ತಿಯನ್ನು ಕೊಟ್ಟು, ರನ್‌ವೇಯ ನಡುಗೆರೆಯ ಮೇಲೆ ನೇರವಾಗಿ ಓಡಿಸಿದರೆ, ತಕ್ಕ ವೇಗ ಬಂದೊಡನೆ ಅದು ತಾನಾಗಿಯೇ ಏಳಲು ತವಕಿಸುತ್ತದೆ. ಮೇಲೆ ಆಕಾಶವು ವಿಶಾಲವಾಗಿದೆ; ಅಲ್ಲಿ ಮಾಡಿದ ಸಣ್ಣ ತಪ್ಪನ್ನು ತಿದ್ದಿಕೊಳ್ಳಲು ಎಡೆಯೂ ಉಂಟು, ಸಮಯವೂ ಉಂಟು. ಇಳಿಯುವಾಗ ಇವೆರಡೂ ಕ್ಷಣಕ್ಷಣಕ್ಕೂ ಕಡಮೆಯಾಗುತ್ತ ಬರುತ್ತವೆ. ಅಷ್ಟು ದೊಡ್ಡ ಆಕಾಶವನ್ನು ಬಿಟ್ಟು, ಕಿರಿದಾದ ಒಂದು ಪಟ್ಟಿಯ ಮೇಲೆ, ಗೊತ್ತಾದ ವೇಗದಲ್ಲಿ, ಗೊತ್ತಾದ ಎಡೆಯಲ್ಲಿ ಮೆಲ್ಲನೆ ಬಂದು ಕೂರಬೇಕು. ಹಾರದೆ ಉಳಿಯುವ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ಹಾರಿದ ಮೇಲೆ ಇಳಿಯದೆ ಉಳಿಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಈ ವಿದ್ಯೆಯನ್ನು ಮನುಷ್ಯನು ಬಹಳ ಬೆಲೆ ತೆತ್ತು ಕಲಿತಿದ್ದಾನೆ. ಜರ್ಮನಿಯ ಆಟೋ ಲಿಲಿಯೆಂತಾಲ್ ಎಂಬವನು ರೆಕ್ಕೆಗಳ ಚೌಕಟ್ಟನ್ನು ಹಿಡಿದು ಗುಡ್ಡದ ಮೇಲಿನಿಂದ ಧುಮುಕಿ, ಗಾಳಿಯಲ್ಲಿ ತೇಲುವುದನ್ನು ತನಗೆ ತಾನೇ ಕಲಿಸಿಕೊಂಡನು. ಎರಡು ಸಾವಿರದಷ್ಟು ಸಲ ಅವನು ಹಾಗೆ ತೇಲಿ ಇಳಿದಿದ್ದನು. 1896ರ ಆಗಸ್ಟ್ ತಿಂಗಳ ಒಂದು ದಿನ ಅವನ ಗ್ಲೈಡರು ಗಾಳಿಯಲ್ಲಿ ಹಿಡಿತ ತಪ್ಪಿ ನೆಲಕ್ಕೆ ಬಿದ್ದಿತು. ಮರುದಿನ ಅವನು ತೀರಿಕೊಂಡನು. ಅಮೆರಿಕದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಎಂಜಿನ್ನುಳ್ಳ ತಮ್ಮ ವಿಮಾನದಲ್ಲಿ ನಾಲ್ಕು ಸಲ ಹಾರಿದರು. ಮೊದಲನೆಯ ಹಾರಾಟವು 12 ಸೆಕೆಂಡುಗಳದು. ನಾಲ್ಕನೆಯದು 59 ಸೆಕೆಂಡುಗಳದು. ಆ ನಾಲ್ಕನೆಯ ಹಾರಾಟವು 852 ಅಡಿಗಳಷ್ಟು ಸಾಗಿತು. ಆದರೆ ಕೊನೆಗೆ ವಿಮಾನವು ನೆಲಕ್ಕೆ ಬಡಿದು ಅದರ ಮುಂಭಾಗದ ಚೌಕಟ್ಟು ಮುರಿಯಿತು. ಹೀಗೆ, ಹಾರಬಲ್ಲೆನೆಂದು ಮನುಷ್ಯನಿಗೆ ತಿಳಿದ ದಿನವೇ, ಇಳಿಯುವುದನ್ನು ಬೇರೆಯಾಗಿ ಕಲಿಯಬೇಕೆಂಬುದೂ ತಿಳಿದುಬಂದಿತು. ಇವರಿಗೆಲ್ಲ ಕೈಹಿಡಿದು ಕಲಿಸುವ ಗುರುಗಳಿರಲಿಲ್ಲ. ಗಾಳಿಯೇ ಗುರು, ಪೆಟ್ಟೇ ಪಾಠ.

ಮುಂದೆ ಗುರುಗಳು ಬಂದರು. ಆದರೆ ಗುರುವಿದ್ದ ಮಾತ್ರಕ್ಕೆ ಪಾಠದ ಕ್ರಮ ಹುಟ್ಟುವುದಿಲ್ಲ. ಆರಂಭದ ಕೆಲವು ವಿಮಾನಗಳಲ್ಲಿ ಶಿಷ್ಯನು ಗುರುವಿನ ಬೆನ್ನ ಹಿಂದೆ ಕುಳಿತು, ಅವನ ಹೆಗಲ ಮೇಲಿನಿಂದ ಕೈಚಾಚಿ ನಿಯಂತ್ರಣ ದಂಡವನ್ನು ಮುಟ್ಟಿ ನೋಡಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎಷ್ಟೋ ಮಂದಿ ತರುಣರು ಶತ್ರುವಿನ ಮುಖವನ್ನು ಕಾಣುವ ಮೊದಲೇ ತರಬೇತಿಯಲ್ಲಿ ಮಡಿದರು. ಈ ವ್ಯರ್ಥವಾದ ಸಾವುಗಳನ್ನು ಕಂಡು ನೊಂದವರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಬ್ರಿಟಿಷ್ ಅಧಿಕಾರಿಯೂ ಒಬ್ಬನು. ಯುದ್ಧದ ಮೊದಲ ತಿಂಗಳಿನಲ್ಲಿಯೇ ವಿಮಾನಾಪಘಾತದಲ್ಲಿ ಕಾಲುಗಳನ್ನು ಮುರಿದುಕೊಂಡಿದ್ದ ಅವನಿಗೆ ನೆಲದ ಪೆಟ್ಟು ಎಂಥದೆಂಬುದು ಗೊತ್ತಿತ್ತು. 1917ರಲ್ಲಿ ಅವನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್ಪೋರ್ಟ್ ಎಂಬಲ್ಲಿ ಹೊಸ ಪದ್ಧತಿಯೊಂದನ್ನು ರೂಢಿಗೆ ತಂದನು. ವಿಮಾನಕ್ಕೆ ಎರಡು ಜೊತೆ ನಿಯಂತ್ರಣಗಳಿರಬೇಕು. ಶಿಷ್ಯನು ಮೊದಲ ದಿನದಿಂದಲೇ ಚಾಲಕನ ಸ್ಥಾನದಲ್ಲಿ ಕೂರಬೇಕು. ಎಂಜಿನ್ನಿನ ಅಬ್ಬರದ ನಡುವೆಯೂ ಗುರುವಿನ ಮಾತು ಅವನಿಗೆ ಕೇಳುವಂತೆ ಕೊಳವೆಯೊಂದನ್ನು ಅಳವಡಿಸಬೇಕು. ಅಪಾಯದ ಹೆಸರೆತ್ತದೆ ಅವನನ್ನು ದೂರವಿರಿಸುವ ಬದಲು, ಅಪಾಯವು ಹೇಗೆ ಹುಟ್ಟುತ್ತದೆ, ಅದರಿಂದ ಪಾರಾಗುವುದು ಹೇಗೆ ಎಂಬುದನ್ನು ಗುರುವಿನ ಜೊತೆಯಲ್ಲಿಯೇ ಮಾಡಿ ತೋರಿಸಬೇಕು. ಇದು ಅವನ ಪದ್ಧತಿಯ ಸಾರ. ಇಂದಿಗೂ ಜಗತ್ತಿನ ಹಾರಾಟದ ಶಾಲೆಗಳು ನಡೆಯುತ್ತಿರುವುದು ಬಹುಮಟ್ಟಿಗೆ ಈ ತಳಹದಿಯ ಮೇಲೆಯೇ.

ನಮ್ಮ ದೇಶದಲ್ಲಿ ಮೊದಲ ವಿಮಾನಚಾಲಕ ಪರವಾನಗಿಯನ್ನು ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಪಡೆದರು. 1936ರಲ್ಲಿ ಸರಳಾ ಠಕ್ರಾಲ್ ಅವರು ಸೀರೆಯುಟ್ಟು ವಿಮಾನವನ್ನು ನಡೆಸಿ, ಪರವಾನಗಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರೆನಿಸಿದರು. ಸ್ವಾತಂತ್ರ್ಯಾನಂತರ ಕಲಿಕೆಯ ವಿಮಾನಗಳನ್ನು ನಮ್ಮವರೇ ಕಟ್ಟತೊಡಗಿದರು; ಈ ಕಾರ್ಯದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ವಿಮಾನವು 1951ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. 1958ರಲ್ಲಿ ‘ಪುಷ್ಪಕ’ವೂ, 1993ರಲ್ಲಿ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ‘ಹಂಸ’ವೂ ಮೊದಲ ಬಾರಿಗೆ ಮೇಲೇರಿದವು. ಈ ಮೂರರಲ್ಲಿಯೂ ಆಸನಗಳು ಎರಡೇ: ಒಂದು ಕಲಿಯುವವರದು, ಇನ್ನೊಂದು ಕಲಿಸುವವರದು. ಈ ಎರಡು ಆಸನಗಳ ನಡುವೆ ನಡೆಯುವ ವ್ಯವಹಾರವೇ ಇಳಿಯುವ ವಿದ್ಯೆಯ ನಿಜವಾದ ಕಥೆ.

ಆ ಕಥೆಯನ್ನು ಅರಿಯಬೇಕಾದರೆ, ಜಕ್ಕೂರಿನಂಥ ಚಿಕ್ಕ ವಿಮಾನಾಂಗಣವೊಂದರಲ್ಲಿ ಒಂದು ಬೆಳಗನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಬಿಸಿಲು ಏರಿ ನೆಲ ಕಾದರೆ ಗಾಳಿಯು ಕೆಳಗಿನಿಂದ ಕುದಿದೇಳುತ್ತದೆ. ಚಿಕ್ಕ ವಿಮಾನವು ಅದರಲ್ಲಿ ಹೊಂಡಗಳ ದಾರಿಯಲ್ಲಿ ಓಡುವ ಎತ್ತಿನ ಗಾಡಿಯಂತೆ ಕುಲುಕುತ್ತದೆ. ಆದುದರಿಂದ ಹೊಸಬರ ಪಾಠಗಳು ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿಯೇ ಆರಂಭವಾಗುತ್ತವೆ. ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲವು ಕಂಬದ ತುದಿಯಲ್ಲಿ ಸೋತು ಜೋತುಬಿದ್ದಿದೆ. ದೂರದ ಊರಿನ ಶಾಲಾ ಉಪಾಧ್ಯಾಯರೊಬ್ಬರ ಮಗಳು, ಹದಿನೆಂಟರ ಹರೆಯದವಳು, ವಿಮಾನದ ಸುತ್ತ ನಡೆದು ರೆಕ್ಕೆ, ಗಾಲಿ, ಇಂಧನಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾಳೆ. ವಾಯುಪಡೆಯಿಂದ ನಿವೃತ್ತರಾದ ಅವಳ ಶಿಕ್ಷಕರು ತುಸು ದೂರದಲ್ಲಿ ಕೈಕಟ್ಟಿ ನಿಂತಿದ್ದಾರೆ. ಅವಳು ಏನನ್ನು ನೋಡುತ್ತಾಳೆಂಬುದಕ್ಕಿಂತ ಏನನ್ನು ನೋಡದೆ ಬಿಡುತ್ತಾಳೆಂಬುದರ ಮೇಲೆ ಅವರ ಗಮನ.

ಇಳಿಯುವುದನ್ನು ಕಲಿಯಲು ರನ್‌ವೇಯ ಸುತ್ತ ಆಯತಾಕಾರದ ಒಂದು ಸುತ್ತನ್ನು ಮತ್ತೆ ಮತ್ತೆ ಹಾರಬೇಕಾಗುತ್ತದೆ. ಗಾಳಿಗೆ ಎದುರಾಗಿ ಏರಿ, ನೆಲದಿಂದ ಸುಮಾರು ಸಾವಿರ ಅಡಿ ಎತ್ತರವನ್ನು ಮುಟ್ಟಿ, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬಂದು, ಅದರ ತುದಿಯನ್ನು ದಾಟಿದ ಮೇಲೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಎರಡು ಸಲ ತಿರುಗಿದರೆ ರನ್‌ವೇಯು ಎದುರಿಗೆ ನೇರವಾಗಿ ಕಾಣಿಸುತ್ತದೆ. ಅಲ್ಲಿಂದ ಮುಂದೆ ಚಾಲಕನು ಎರಡನ್ನು ಕಾಯಬೇಕು: ಇಳಿಜಾರಿನ ದಾರಿಯನ್ನು ಮತ್ತು ವೇಗವನ್ನು. ರನ್‌ವೇಯು ಉದ್ದವಾಗಿ, ಎದ್ದು ನಿಂತಂತೆ ಕಂಡರೆ ವಿಮಾನವು ಎತ್ತರದಲ್ಲಿದೆ. ಚಪ್ಪಟೆಯಾಗಿ ಕಂಡರೆ ತಗ್ಗಿನಲ್ಲಿದೆ. ವೇಗವೋ, ಒಂದು ಮಿತಿಗಿಂತ ಹೆಚ್ಚೂ ಆಗಬಾರದು, ಕಡಮೆಯೂ ಆಗಬಾರದು. ಸಾಮಾನ್ಯವಾದ ಕಲಿಕೆಯ ವಿಮಾನವು ಗಂಟೆಗೆ ಸುಮಾರು 120 ಕಿಲೋಮೀಟರು ವೇಗದಲ್ಲಿ ನೆಲದತ್ತ ಬರುತ್ತದೆ. ಎಂದರೆ, ಸೆಕೆಂಡಿಗೆ ನೂರು ಅಡಿಗೂ ಮಿಗಿಲಾದ ದೂರ.

ಈ ವೇಗವನ್ನು ಗೊತ್ತುಪಡಿಸುವುದಕ್ಕೆ ಒಂದು ಕಾರಣವುಂಟು. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ವೇಗವು ತಗ್ಗಿದಷ್ಟೂ ರೆಕ್ಕೆಯು ಗಾಳಿಗೆ ಹೆಚ್ಚು ಓರೆಯಾಗಿ ನಿಲ್ಲಬೇಕಾಗುತ್ತದೆ. ಆ ಓರೆಯು ಮಿತಿಮೀರಿದೊಡನೆ ಗಾಳಿಯು ರೆಕ್ಕೆಯ ಮೈಯನ್ನು ಬಿಟ್ಟು ಚದರಿಹೋಗುತ್ತದೆ. ಎತ್ತುವ ಶಕ್ತಿಯು ಒಮ್ಮೆಲೇ ಕುಸಿಯುತ್ತದೆ. ಇದನ್ನು ‘ಸ್ಟಾಲ್’ ಎಂದು ಕರೆಯುತ್ತಾರೆ. ಮೋಟಾರುಗಾಡಿಯ ಎಂಜಿನ್ನು ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ನು ಚೆನ್ನಾಗಿ ನಡೆಯುತ್ತಿರುವಾಗಲೂ ರೆಕ್ಕೆಯು ಹೀಗೆ ಸೋಲಬಹುದು. ಲಿಲಿಯೆಂತಾಲನ ಗ್ಲೈಡರು ಬಿದ್ದುದು ಇದರಿಂದಲೇ. ಆದುದರಿಂದ, ರೆಕ್ಕೆಯು ಸೋಲುವ ವೇಗ ಎಷ್ಟೋ ಅದರ ಸುಮಾರು 1.3 ಪಾಲು ವೇಗದಲ್ಲಿ ಇಳಿಯಬೇಕೆಂಬುದು ರೂಢಿಯಾಗಿದೆ. ಈ ಅಂತರವೇ ಚಾಲಕನ ಗಂಟಿನಲ್ಲಿರುವ ಬಂಡವಾಳ.

ಆ ಬಂಡವಾಳವು ಅರಿವಿಲ್ಲದೆ ಕರಗುವ ಎಡೆಯೊಂದುಂಟು. ಅದು ಕೊನೆಯ ತಿರುವು. ಗಾಳಿಯು ಪಕ್ಕದಿಂದ ನೂಕಿದುದರಿಂದಲೋ, ತಡವಾಗಿ ತಿರುಗಿದುದರಿಂದಲೋ, ವಿಮಾನವು ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗುತ್ತದೆ. ಹೊಸಬನು ಅದನ್ನು ಹೇಗಾದರೂ ನೇರಕ್ಕೆ ಎಳೆದುಕೊಳ್ಳಬೇಕೆಂದು ಇನ್ನಷ್ಟು ಓರೆಯಾಗಿ ತಿರುಗಿಸುತ್ತಾನೆ. ಚುಕ್ಕಾಣಿಯ ಪೆಡಲನ್ನು ಬಲವಾಗಿ ಒತ್ತುತ್ತಾನೆ. ಮೂತಿ ಕುಸಿದಾಗ ದಂಡವನ್ನು ಹಿಂದಕ್ಕೆ ಜಗ್ಗುತ್ತಾನೆ. ತಿರುವಿನಲ್ಲಿ ರೆಕ್ಕೆಗಳು ಹೊರಬೇಕಾದ ಭಾರ ಹೆಚ್ಚುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗುವ ವಿಮಾನದ ರೆಕ್ಕೆಗಳು ಅದರ ಎರಡರಷ್ಟು ಭಾರವನ್ನು ಹೊರುತ್ತವೆ. ಅವು ಸೋಲುವ ವೇಗವೂ ಸುಮಾರು ನೂರಕ್ಕೆ ನಲವತ್ತರಷ್ಟು ಏರುತ್ತದೆ. ಆಗ ಒಂದು ರೆಕ್ಕೆ ಮೊದಲು ಸೋತು ವಿಮಾನವು ಬುಗುರಿಯಂತೆ ಸುತ್ತುತ್ತ ಬೀಳತೊಡಗಿದರೆ, ಎತ್ತರದಲ್ಲಿ ಅದನ್ನು ತಿದ್ದಬಹುದು. ಆದರೆ ಕೊನೆಯ ತಿರುವಿನಲ್ಲಿ ಇರುವ ಎತ್ತರವೇ ಸುಮಾರು ಐನೂರು ಅಡಿ! ಆದುದರಿಂದ ಶಿಕ್ಷಕರು ಮೊದಲು ಶಿಷ್ಯರನ್ನು ಸಾವಿರಾರು ಅಡಿಗಳ ಮೇಲಕ್ಕೆ ಕರೆದೊಯ್ದು, ಅಲ್ಲಿ ಬೇಕೆಂದೇ ರೆಕ್ಕೆಯನ್ನು ಸೋಲಿಸಿ, ಆಗ ವಿಮಾನವು ಹೇಗೆ ನಡುಗುತ್ತದೆ, ಎಚ್ಚರಿಕೆಯ ದನಿ ಹೇಗೆ ಕೂಗುತ್ತದೆ ಎಂಬುದನ್ನು ಕೈಗೂ ಕಿವಿಗೂ ಪರಿಚಯ ಮಾಡಿಸುತ್ತಾರೆ; ಮೂತಿಯನ್ನು ತಗ್ಗಿಸಿ ಮತ್ತೆ ವೇಗವನ್ನು ಪಡೆಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಈ ಪಾಠವಾಗದೆ ಇಳಿಯುವ ಪಾಠಕ್ಕೆ ಕೈಹಾಕುವುದಿಲ್ಲ.

ಕೊನೆಯ ಇಪ್ಪತ್ತು ಅಡಿಗಳು ಬೇರೆಯೇ ಒಂದು ಲೋಕ. ಅದುವರೆಗೆ ನೆಲದತ್ತ ಇಳಿಯುತ್ತಿದ್ದ ವಿಮಾನವನ್ನು ಅಲ್ಲಿ ಮೆಲ್ಲಮೆಲ್ಲನೆ ಮಟ್ಟಕ್ಕೆ ತಂದು, ನೆಲದಿಂದ ತುಸು ಮೇಲೆಯೇ ತೇಲಿಸುತ್ತ, ವೇಗ ಕಳೆದಂತೆಲ್ಲ ಮೂತಿಯನ್ನು ಎತ್ತುತ್ತ, ಹಿಂದಿನ ಗಾಲಿಗಳೆರಡೂ ಮೊದಲು ನೆಲವನ್ನು ಸೋಕುವಂತೆ ಮಾಡಬೇಕು. ಇದನ್ನು ಮಾತಿನಲ್ಲಿ ಹೇಳುವುದು ಸುಲಭ. ಯಾವ ಕ್ಷಣದಲ್ಲಿ, ಎಷ್ಟು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಹೊಸಬರ ಕಣ್ಣು ಭಯದಿಂದ ಹತ್ತಿರದ ನೆಲದಲ್ಲಿಯೇ ನೆಟ್ಟುಬಿಡುತ್ತದೆ. ಹತ್ತಿರ ನೋಡಿದಷ್ಟೂ ನೆಲವು ರಭಸವಾಗಿ ಹರಿಯುವಂತೆ ತೋರಿ ಎತ್ತರದ ಅಂದಾಜು ತಪ್ಪುತ್ತದೆ. “ದೂರ ನೋಡು, ರನ್‌ವೇಯ ಆ ಕೊನೆಯನ್ನು ನೋಡು” ಎಂದು ಶಿಕ್ಷಕರು ನೂರು ಸಲ ಹೇಳುತ್ತಾರೆ. ನೂರೊಂದನೆಯ ಸಲ ಅದು ಶಿಷ್ಯೆಯ ಕಿವಿಯಿಂದ ಕಣ್ಣಿಗೆ ಇಳಿಯುತ್ತದೆ.

ಹಳ್ಳಿಯ ಬಾವಿಗಳಲ್ಲಿ ಹಿರಿಯರು ಮಕ್ಕಳಿಗೆ ಈಜು ಕಲಿಸುತ್ತಿದ್ದುದನ್ನು ಕಂಡವರಿಗೆ ಈ ಶಿಕ್ಷಕರ ಕಷ್ಟ ಅರ್ಥವಾದೀತು. ಮಗುವಿನ ಬೆನ್ನಿಗೆ ಸೋರೆಬುರುಡೆಯನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಮಗು ಒಂದು ಗುಟುಕು ನೀರು ಕುಡಿದೊಡನೆ ಹಿಡಿದೆತ್ತಿದರೆ ಅದು ಎಂದೂ ಈಜಲಾರದು. ಎತ್ತದೆಯೇ ಬಿಟ್ಟರೆ ಉಳಿಯಲಾರದು. ವಿಮಾನದಲ್ಲಿ ಈ ನಿರ್ಧಾರಕ್ಕೆ ಸಿಗುವ ಅವಧಿ ಒಂದೆರಡು ಸೆಕೆಂಡು ಮಾತ್ರ. ಶಿಕ್ಷಕರ ಕೈ ನಿಯಂತ್ರಣ ದಂಡದ ಬಳಿಯಲ್ಲಿರಬೇಕು, ಆದರೆ ಅದರ ಮೇಲಿರಬಾರದು. ಮೇಲಿದ್ದರೆ, ಚೆನ್ನಾಗಿ ಇಳಿದುದು ತನ್ನಿಂದಲೋ ಗುರುವಿನಿಂದಲೋ ಎಂಬುದು ಶಿಷ್ಯೆಗೆ ತಿಳಿಯದೆ ಹೋಗುತ್ತದೆ. ದೂರವಿದ್ದರೆ, ಬೇಕಾದಾಗ ಒದಗುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಇಬ್ಬರ ಕೈಯಲ್ಲಿಯೂ ನಿಯಂತ್ರಣವಿರುವಾಗ, ‘ಅವರು ಹಿಡಿದಿದ್ದಾರೆ’ ಎಂದು ಇವಳೂ, ‘ಅವಳು ಹಿಡಿದಿದ್ದಾಳೆ’ ಎಂದು ಅವರೂ ಭಾವಿಸಿ, ವಿಮಾನವು ಯಾರ ಕೈಯಲ್ಲಿಯೂ ಇಲ್ಲದಂತಾಗಬಹುದು. ಅಥವಾ ಇಬ್ಬರೂ ಹಿಡಿದು ಒಬ್ಬರಿಗೊಬ್ಬರು ಎದುರಾಗಿ ಎಳೆಯಬಹುದು. ಇದನ್ನು ತಪ್ಪಿಸಲೆಂದು ಹಾರಾಟದ ಶಾಲೆಗಳಲ್ಲಿ ಒಂದು ಕಟ್ಟುಪಾಡಿದೆ. ವಹಿಸಿಕೊಳ್ಳುವವರು “ಐ ಹ್ಯಾವ್ ಕಂಟ್ರೋಲ್” ಎಂದು ಸ್ಪಷ್ಟವಾಗಿ ಹೇಳಬೇಕು. ಬಿಟ್ಟುಕೊಡುವವರು “ಯು ಹ್ಯಾವ್ ಕಂಟ್ರೋಲ್” ಎಂದು ಮರುನುಡಿದು ಕೂಡಲೇ ಕೈಬಿಡಬೇಕು. ಹಿಡಿತ ನನ್ನದು, ಹಿಡಿತ ನಿಮ್ಮದು: ಇಷ್ಟೇ ಮಾತು. ಇದರಲ್ಲಿ ವಾದಕ್ಕಾಗಲಿ, ಸಂಕೋಚಕ್ಕಾಗಲಿ, ಅಭಿಮಾನಕ್ಕಾಗಲಿ ಎಡೆಯಿಲ್ಲ.

ಆ ಬೆಳಗಿನ ಪಾಠದಲ್ಲಿ ಈ ಮಾತು ಬೇಕಾಯಿತು. ಶಿಷ್ಯೆಯ ವಿಮಾನವು ತುಸು ಹೆಚ್ಚಿನ ವೇಗದಲ್ಲಿ ಬಂದು ನೆಲವನ್ನು ತಾಗಿ ಚೆಂಡಿನಂತೆ ಪುಟಿಯಿತು. ಹಾಗೆ ಪುಟಿದ ವಿಮಾನವು ಗಾಳಿಯಲ್ಲಿ ಮೂತಿಯೆತ್ತಿ, ವೇಗವನ್ನು ಕಳೆದುಕೊಂಡು ತೂಗುತ್ತಿರುತ್ತದೆ. ಹೇಗಾದರೂ ನೆಲಕ್ಕೆ ಕೂರಿಸಬೇಕೆಂಬ ಆತುರದಿಂದ ಅವಳು ದಂಡವನ್ನು ಮುಂದಕ್ಕೆ ನೂಕಿದಳು. ಮೂತಿಯ ಗಾಲಿ ಮೊದಲು ಬಡಿದು, ವಿಮಾನವು ಮೊದಲಿಗಿಂತ ಎತ್ತರಕ್ಕೆ ಜಿಗಿಯಿತು. ಮೂರನೆಯ ಬಡಿತಕ್ಕೆ ಗಾಲಿಯ ಕಾಲು ಮುರಿದು, ತಿರುಗುತ್ತಿರುವ ಪ್ರೊಪೆಲರು ನೆಲಕ್ಕೆ ತಾಗಬಹುದಾಗಿತ್ತು. “ಐ ಹ್ಯಾವ್ ಕಂಟ್ರೋಲ್” ಎಂಬ ದನಿ ಕೇಳಿಸಿತು. ಎಂಜಿನ್ನು ಭೋರ್ಗರೆಯಿತು, ಶಿಕ್ಷಕರು ಮೂತಿಯನ್ನು ಸರಿಯಾದ ಮಟ್ಟದಲ್ಲಿ ಹಿಡಿದು ವಿಮಾನವನ್ನು ಮತ್ತೆ ಮೇಲಕ್ಕೆ ಕೊಂಡೊಯ್ದರು.

ಕೆಳಗಿಳಿದ ಮೇಲೆ ಅವಳ ಕಣ್ಣುಗಳಲ್ಲಿ ನೀರಿತ್ತು. “ನನ್ನ ಕೈಯಲ್ಲಿ ಆಗುವುದಿಲ್ಲವೇನೋ, ಸರ್” ಎಂದಳು.

“ನೋಡಮ್ಮ, ಪುಟಿದದ್ದು ದೊಡ್ಡ ತಪ್ಪಲ್ಲ. ಅದು ಎಲ್ಲರಿಗೂ ಆಗುತ್ತದೆ, ನನಗೂ ಆಗಿದೆ” ಎಂದರು ಶಿಕ್ಷಕರು. “ಪುಟಿದ ಮೇಲೂ ಅಲ್ಲಿಯೇ ಇಳಿದುಬಿಡಬೇಕೆಂದು ಹಟ ಹಿಡಿದೆಯಲ್ಲ, ಅದು ತಪ್ಪು. ಕೆಟ್ಟುಹೋದ ಇಳಿತವನ್ನು ರಿಪೇರಿ ಮಾಡಲು ಹೋಗಬಾರದು. ಬಿಟ್ಟು ಮೇಲೇರಬೇಕು, ಹೊಸದಾಗಿ ಬರಬೇಕು.” ಅನಂತರ ಸ್ವಲ್ಪ ತಡೆದು, “ನಾನೂ ಅರ್ಧ ಕ್ಷಣ ತಡಮಾಡಿದೆ. ಮೊದಲನೆಯ ಪುಟಿತಕ್ಕೇ ತೆಗೆದುಕೊಳ್ಳಬೇಕಾಗಿತ್ತು. ನೀನು ತಿದ್ದಿಕೊಳ್ಳುವೆಯೆಂದು ಕಾದೆ” ಎಂದು ಸೇರಿಸಿದರು. ಶಿಷ್ಯೆಯ ಎದುರಿಗೆ ತಮ್ಮ ತಪ್ಪನ್ನು ಒಪ್ಪಿಕೊಂಡುದರಿಂದ ಅವರ ಗೌರವ ಕಡಮೆಯಾಗಲಿಲ್ಲ. ತಪ್ಪನ್ನು ಮುಚ್ಚಿಡುವ ಶಾಲೆಯಲ್ಲಿ ಅದೇ ತಪ್ಪು ಮತ್ತೊಬ್ಬರಿಗಾಗಿ ಕಾದು ಕುಳಿತಿರುತ್ತದೆ ಎಂಬುದನ್ನು ಅವರು ಬಲ್ಲರು.

ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದನ್ನು ವಿಮಾನಚಾಲಕರು ‘ಗೋ ಅರೌಂಡ್’ ಎನ್ನುತ್ತಾರೆ. ಮತ್ತೊಂದು ಸುತ್ತು ಹೋಗು ಎಂದು ಅದರ ಅರ್ಥ. ಪೂರ್ಣ ಶಕ್ತಿ ಕೊಡುವುದು, ಮೂತಿಯನ್ನು ಹದವಾಗಿ ಎತ್ತುವುದು, ಇಳಿಯಲೆಂದು ಚಾಚಿದ್ದ ಫ್ಲ್ಯಾಪುಗಳನ್ನು ಹಂತಹಂತವಾಗಿ ಮಡಿಸುವುದು. ಕೈಗಳಿಗೆ ಇದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಮನಸ್ಸಿಗೆ. ರನ್‌ವೇಯು ಕಣ್ಣೆದುರಿಗೇ ಇದೆ. ಇನ್ನು ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಕೆಳಗೆ ನಿಂತವರು ನೋಡುತ್ತಿದ್ದಾರೆ. ಆಗ ಬಿಟ್ಟು ಹೋಗುವುದೆಂದರೆ ಸೋತಂತೆ ಎಂದು ಮನಸ್ಸು ಹೇಳುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಕ್ಷಣಕ್ಕಾಗಿಯೇ ಹುಟ್ಟಿದಂತಿದೆ.

ಚಿಕ್ಕ ವಿಮಾನದಲ್ಲಿ ಕಲಿತ ಈ ಪಾಠವು ದೊಡ್ಡ ವಿಮಾನಕ್ಕೂ ಬೇಕು. ಇದಕ್ಕೆ ಕನ್ನಡ ನಾಡಿನ ನೆಲದಲ್ಲಿಯೇ ದುಃಖದ ಸಾಕ್ಷಿಯೊಂದಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಪ್ರಯಾಣಿಕರ ವಿಮಾನವೊಂದು ಮಂಗಳೂರಿನಲ್ಲಿ ಇಳಿಯುತ್ತಿತ್ತು. ಅಲ್ಲಿಯ ರನ್‌ವೇ ಇರುವುದು ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡಿದ ಜಾಗದಲ್ಲಿ. ಅದರ ಕೊನೆಯ ಆಚೆಗೆ ಕಣಿವೆ. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿ, ಇರಬೇಕಾದುದಕ್ಕಿಂತ ಹೆಚ್ಚು ವೇಗದಲ್ಲಿ ಬರುತ್ತಿತ್ತು. ಇಳಿಯದೆ ಮೇಲೇರಬೇಕೆಂದು ಸಹಚಾಲಕರು ಒಂದಕ್ಕಿಂತ ಹೆಚ್ಚು ಸಲ ಹೇಳಿದರು, ಯಂತ್ರವೂ ಎಚ್ಚರಿಸಿತು. ಆದರೂ ಇಳಿಯುವ ಪ್ರಯತ್ನ ನಿಲ್ಲಲಿಲ್ಲ. ವಿಮಾನವು ರನ್‌ವೇಯ ಅರ್ಧಕ್ಕಿಂತ ಹೆಚ್ಚು ದೂರವನ್ನು ದಾಟಿದ ಮೇಲೆ ನೆಲವನ್ನು ಮುಟ್ಟಿ, ಕೊನೆಯನ್ನು ಮೀರಿ ಕಣಿವೆಗೆ ಬಿದ್ದಿತು. 158 ಮಂದಿ ತೀರಿಕೊಂಡರು. ಎಂಟು ಮಂದಿ ಉಳಿದರು. ಕ್ರಮ ತಪ್ಪಿದ ಇಳಿತವನ್ನು ಕೈಬಿಡದೆ ಮುಂದುವರಿಸಿದುದೇ ದುರಂತಕ್ಕೆ ಕಾರಣವೆಂದು ವಿಚಾರಣಾ ನ್ಯಾಯಾಲಯವು ತಿಳಿಸಿತು. ಹೆಚ್ಚೆಂದರೆ ಕೆಲವು ನಿಮಿಷಗಳ ಇನ್ನೊಂದು ಸುತ್ತು. ಅದು ಎಷ್ಟು ಮನೆಗಳ ದೀಪವನ್ನು ಉಳಿಸುತ್ತಿತ್ತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಆದುದರಿಂದಲೇ ಬಲ್ಲ ಶಿಕ್ಷಕರು ಗೋ ಅರೌಂಡನ್ನು ಶಿಕ್ಷೆಯೆಂದು ಕಲಿಸುವುದಿಲ್ಲ. ಇಳಿಯುವುದರಷ್ಟೇ ಸಹಜವಾದ ಇನ್ನೊಂದು ಮುಕ್ತಾಯವೆಂದು ಕಲಿಸುತ್ತಾರೆ. ಇಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ವೇಗವೂ ದಾರಿಯೂ ನೇರವೂ ಸರಿಯಾಗಿರಬೇಕು. ಇಲ್ಲವಾದರೆ ಚರ್ಚೆಯಿಲ್ಲದೆ ಮೇಲೇರಬೇಕು. ಈ ನಿರ್ಧಾರವನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ಏಕೆಂದರೆ ಕೊನೆಯ ಕ್ಷಣದಲ್ಲಿ ಯೋಚಿಸತೊಡಗಿದ ಮನಸ್ಸು ತನಗೆ ಬೇಕಾದ ಕಡೆಗೇ ನ್ಯಾಯವನ್ನು ಎಳೆಯುತ್ತದೆ.

ಮತ್ತೆ ಕೆಲವು ವಾರಗಳು ಕಳೆದವು. ಶಿಷ್ಯೆಯ ಇಳಿತಗಳು ಹದಕ್ಕೆ ಬಂದಿದ್ದವು. ಒಂದು ಬೆಳಗ್ಗೆ ಮೂರು ಸಲ ಅವಳು ಹೂವಿನ ಮೇಲೆ ದುಂಬಿ ಕೂತಂತೆ ಇಳಿದಳು. ನಾಲ್ಕನೆಯ ಸಲ ಕೊನೆಯ ತಿರುವು ತುಸು ತಡವಾಯಿತು. ವಿಮಾನವು ಕೊಂಚ ಎತ್ತರದಲ್ಲಿ, ಕೊಂಚ ವೇಗವಾಗಿ ಬಂದಿತು. ರನ್‌ವೇಯು ಸಾಕಷ್ಟು ಉದ್ದವಾಗಿತ್ತು. ತೇಲಿಸಿಕೊಂಡು ಹೋಗಿ ಇಳಿಸಬಹುದಾಗಿತ್ತು. ಇದನ್ನು ಶಿಕ್ಷಕರು ಕಂಡರು. ಕಂಡೂ ಏನನ್ನೂ ಹೇಳಲಿಲ್ಲ. ಅವರ ಕೈ ದಂಡದ ಬಳಿ ಸಿದ್ಧವಾಗಿತ್ತು, ನಾಲಿಗೆ ಮೌನವಾಗಿತ್ತು. ಶಿಷ್ಯೆ ಒಮ್ಮೆ ವೇಗದ ಮುಳ್ಳನ್ನು ನೋಡಿದಳು, ಒಮ್ಮೆ ರನ್‌ವೇಯನ್ನು ನೋಡಿದಳು. “ಗೋ ಅರೌಂಡ್” ಎಂದು ತಾನೇ ಹೇಳಿ, ಥ್ರಾಟಲನ್ನು ಪೂರ್ತಿಯಾಗಿ ಮುಂದಕ್ಕೆ ಒತ್ತಿದಳು. ವಿಮಾನವು ಮೇಲೇರಿತು.

“ಇಳಿಯಬಹುದಾಗಿತ್ತೇನೋ, ಸರ್. ಆದರೆ ನನಗೆ ಸರಿಯೆನಿಸಲಿಲ್ಲ” ಎಂದಳು ಅಳುಕುತ್ತ.

ಶಿಕ್ಷಕರು ತಲೆದೂಗಿದರು, ಅಷ್ಟೆ. ಮುಂದಿನ ಸುತ್ತಿನಲ್ಲಿ ಅವಳು ಸರಿಯಾಗಿ ಇಳಿದಳು. ರನ್‌ವೇಯಿಂದ ಪಕ್ಕಕ್ಕೆ ಸರಿದು ನಿಂತ ಮೇಲೆ ಅವರು ಸೊಂಟದ ಪಟ್ಟಿಯನ್ನು ಬಿಚ್ಚಿ, ಬಾಗಿಲು ತೆರೆದು ಕೆಳಗಿಳಿದರು. ತಮ್ಮ ಆಸನದ ಪಟ್ಟಿಯು ನಿಯಂತ್ರಣಕ್ಕೆ ತೊಡಕಾಗದಂತೆ ಬಿಗಿದು ಕಟ್ಟಿದರು. “ಒಂದೇ ಒಂದು ಸುತ್ತು ಹೋಗಿ ಬಾ. ನಾನಿಲ್ಲದೆ ವಿಮಾನ ಹಗುರವಾಗಿರುತ್ತದೆ. ಬೇಗ ಏರುತ್ತದೆ, ಇಳಿಯುವಾಗ ಹೆಚ್ಚು ತೇಲುತ್ತದೆ. ಸರಿಯೆನಿಸದಿದ್ದರೆ ಇಳಿಯಬೇಡ, ಇನ್ನೊಂದು ಸುತ್ತು ಹೋಗು. ಎಷ್ಟು ಸುತ್ತಾದರೂ ಹೋಗು. ನಾನು ಇಲ್ಲಿಯೇ ಇರುತ್ತೇನೆ” ಎಂದರು. ಮೂರು ಸುಂದರವಾದ ಇಳಿತಗಳು ಅವಳಿಗೆ ಈ ಅನುಮತಿಯನ್ನು ತಂದುಕೊಟ್ಟಿರಲಿಲ್ಲ. ಅವಳು ಇಳಿಯದೆ ಹಿಂದಿರುಗಿದ ಆ ಒಂದು ಸಲ ತಂದುಕೊಟ್ಟಿತ್ತು. ಚೆನ್ನಾಗಿ ಇಳಿಯಬಲ್ಲವಳನ್ನು ಗುರುವಿನೊಡನೆ ಕಳುಹಿಸಬಹುದು. ಇಳಿಯಬಾರದೆಂದು ಅರಿಯಬಲ್ಲವಳನ್ನು ಒಂಟಿಯಾಗಿಯೂ ಕಳುಹಿಸಬಹುದು.

ಒಂಟಿ ಹಾರಾಟದ ಈ ದಿನವನ್ನು ಯಾವ ವಿಮಾನಚಾಲಕನೂ ಮರೆಯುವುದಿಲ್ಲ. ಅಮೆರಿಕದ ಹಾರಾಟದ ಶಾಲೆಗಳಲ್ಲಿ ಆ ದಿನ ಶಿಷ್ಯನ ಅಂಗಿಯ ಬೆನ್ನಭಾಗವನ್ನು ಕತ್ತರಿಸಿ ಗೋಡೆಗೆ ತೂಗುಹಾಕುವ ಪದ್ಧತಿಯುಂಟು. ಹಿಂದೆ ಗುರುವು ಹಿಂದಿನ ಆಸನದಲ್ಲಿ ಕುಳಿತು ಶಿಷ್ಯನ ಅಂಗಿಯನ್ನು ಎಳೆದು ಎಚ್ಚರಿಸುತ್ತಿದ್ದನೆಂದೂ, ಇನ್ನು ಎಳೆಯುವ ಅಗತ್ಯವಿಲ್ಲವೆಂಬುದಕ್ಕೆ ಇದು ಗುರುತೆಂದೂ ಹೇಳುತ್ತಾರೆ. ಶಿಷ್ಯರಿಗೆ ಅದು ಹಬ್ಬ. ಗುರುವಿಗೆ ಮಾತ್ರ ಅದರಷ್ಟು ದೀರ್ಘವಾದ ಐದಾರು ನಿಮಿಷಗಳು ಬೇರೆಯಿಲ್ಲ.

ಪಕ್ಕದ ಆಸನವು ಬರಿದಾದ ವಿಮಾನವು ಏರಿ, ತಿರುಗಿ, ದೂರದ ತೆಂಗಿನ ಮರಗಳ ಮೇಲೆ ಚುಕ್ಕೆಯಾಯಿತು. ಶಿಕ್ಷಕರು ಹುಲ್ಲಿನ ಮೇಲೆ ನಿಂತು ಆಲಿಸುತ್ತಿದ್ದರು. ಎಂಜಿನ್ನಿನ ದನಿ ತಗ್ಗಿತು; ವಿಮಾನವು ಕೊನೆಯ ತಿರುವನ್ನು ತಿರುಗಿತು; ರೆಕ್ಕೆಗಳು ಮಟ್ಟವಾದವು. ಅದು ರನ್‌ವೇಯ ಅಂಚನ್ನು ದಾಟಿ ತೇಲತೊಡಗಿದಾಗ ಶಿಕ್ಷಕರ ಬಲಗೈ ಅವರಿಗೆ ಅರಿವಿಲ್ಲದೆಯೇ ಮುಷ್ಟಿಗಟ್ಟಿ, ಇಲ್ಲದ ದಂಡವೊಂದನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿತ್ತು. ಗಾಲಿಗಳು ನೆಲವನ್ನು ಸೋಕಿದವು. ಸಣ್ಣದೊಂದು ಕೀರಲು ದನಿ ಕೇಳಿಸಿತು. ಅವರ ಮುಷ್ಟಿ ಸಡಿಲವಾಯಿತು.

ವಿಮಾನವು ಹತ್ತಿರ ಬಂದು ನಿಂತಿತು. ಪ್ರೊಪೆಲರು ತಿರುಗುವುದು ಪೂರ್ತಿಯಾಗಿ ನಿಲ್ಲುವವರೆಗೂ ಅವರು ಕಾದರು. ಆಮೇಲೆ ಮುಂದೆ ಹೋಗಿ, ಅವಳ ಹಾರಾಟದ ಪುಸ್ತಕವನ್ನು ತೆಗೆದುಕೊಂಡು, ಆ ದಿನದ ಸಾಲಿನ ಕೆಳಗೆ ತಮ್ಮ ರುಜುವನ್ನು ಹಾಕಿದರು.